ಒಂದು ಕಾಲು ನೆಲಕ್ಕೆ ಸಿಕ್ಕರೆ ಸಾಕು

ಕೇಳುಗರಿಗೆ ನಮಸ್ಕಾರ.

ಕುಳ್ಳಗಿರುವವರು ಬೈಕ್ ಕೊಳ್ಳಲು ಹೋದಾಗ ಮೊದಲು ಏನು ಮಾಡುತ್ತಾರೆ, ಗಮನಿಸಿದ್ದೀರಾ? ಹತ್ತಿ ಕೂರುತ್ತಾರೆ, ಎರಡೂ ಕಾಲು ಕೆಳಗೆ ಬಿಡುತ್ತಾರೆ. ಎರಡೂ ಪಾದ ಪೂರ್ತಿ ಊರಿದರೆ ಮುಖ ಅರಳುತ್ತದೆ. ಹಿಮ್ಮಡಿ ಮೇಲೆದ್ದರೆ "ಇದು ನಮ್ಮಂಥವರಿಗಲ್ಲ ಬಿಡಿ" ಅಂತ ಇಳಿದುಬಿಡುತ್ತಾರೆ. ಪಕ್ಕದಲ್ಲಿ ನಿಂತವರಾದರೂ ಸುಮ್ನೆ ಇರುತ್ತಾರಾ? "ನಿಮಗೆ ಸ್ಕೂಟರೇ ಸರಿ" ಅಂತ ಒಂದು ಮಾತು ಎಸೆಯುತ್ತಾರೆ. ಕೇಳದೆ ಬಂದ ಸಲಹೆ, ಅದಕ್ಕೆ ಖರ್ಚೇನಿಲ್ಲ.

ನನ್ನ ಪ್ರಕಾರ ಈ ಪರೀಕ್ಷೆಯೇ ಸರಿಯಿಲ್ಲ. ಬೈಕ್ ಓಡುತ್ತಿರುವಾಗ ಕಾಲಿಗೆ ನೆಲದ ಹಂಗೇ ಇಲ್ಲ. ನೆಲ ಬೇಕಾಗುವುದು ನಿಲ್ಲುವಾಗ. ಆಗಲೂ ಒಂದು ಪಾದದ ಮುಂಭಾಗ ಗಟ್ಟಿಯಾಗಿ ಊರಿದರೆ ಸಾಕು. ಸ್ಪೇನಿನ ಡಾನಿ ಪೆಡ್ರೋಸಾ ಹೆಸರು ಕೇಳಿರಬಹುದು. ಎತ್ತರ ಸುಮಾರು 160 ಸೆಂಟಿಮೀಟರ್. ಆ ಮೈಕಟ್ಟಿನಲ್ಲೇ, ಬೈಕ್ ರೇಸಿನ ಅತಿ ದೊಡ್ಡ ಸರಣಿಯಾದ ಮೋಟೋಜಿಪಿಯಲ್ಲಿ 31 ರೇಸ್ ಗೆದ್ದವರು. ರೇಸ್ ಟ್ರ್ಯಾಕ್ ಬೇರೆ, ಸಿಗ್ನಲ್ ಬೇರೆ, ಒಪ್ಪುತ್ತೇನೆ. ಅಲ್ಲಿ ನಿಂತು ಹೊರಡುವ ಕೆಲಸ ಕಡಿಮೆ. ಆದರೆ ಬೈಕನ್ನು ಹಿಡಿತದಲ್ಲಿಡಲು ಎತ್ತರ ಬೇಕೇ ಬೇಕು ಅನ್ನುವ ಮಾತು ಅಲ್ಲಿಗೆ ಬಿದ್ದುಹೋಯಿತು, ಅಲ್ವಾ?

ಇನ್ನು ಸೀಟಿನ ಎತ್ತರದ ಲೆಕ್ಕ. ಬಜಾಜ್ ಅವೆಂಜರ್‌ಗೆ 737 ಮಿಲಿಮೀಟರ್, ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ಕ್ಕೆ 765, ಹಿಮಾಲಯನ್ 450ಕ್ಕೆ 825, ಹೋಂಡಾ ರೆಬೆಲ್ 500ಕ್ಕೆ ಬರೀ 690. ಈ ಅಂಕಿ ನೋಡಿಯೇ ಅನೇಕರು ತೀರ್ಮಾನ ಮಾಡಿಬಿಡುತ್ತಾರೆ. ಆದರೆ ಸೀಟು ಎಷ್ಟು ಅಗಲ ಅಂತ ಈ ಅಂಕಿ ಹೇಳುವುದಿಲ್ಲ. ಸೀಟು ಅಗಲವಾಗಿದ್ದರೆ ತೊಡೆಗಳು ಹೊರಕ್ಕೆ ಚಾಚಿಕೊಳ್ಳುತ್ತವೆ, ಕಾಲು ನೇರ ಕೆಳಗೆ ಇಳಿಯುವ ಬದಲು ಓರೆಯಾಗಿ ಇಳಿಯುತ್ತದೆ. ಅಲ್ಲೇ ಎರಡು ಮೂರು ಸೆಂಟಿಮೀಟರ್ ಹೋಯಿತು. ಟ್ಯಾಂಕ್ ಹತ್ತಿರ ಸೀಟು ಕಿರಿದಾಗಿದ್ದರೆ, 800 ಮಿಲಿಮೀಟರ್ ಎತ್ತರದ ಸೀಟಿನಲ್ಲೂ ಆರಾಮಾಗಿ ನಿಲ್ಲುವವರು, 770ರ ಅಗಲ ಸೀಟಿನಲ್ಲಿ ತಡಕಾಡುವುದುಂಟು. "ನಿಮಗೆ ಸ್ಕೂಟರೇ ಸರಿ" ಅಂದವರಿಗೂ ಇಲ್ಲೇ ಉತ್ತರ ಇದೆ. ಎಷ್ಟೋ ಸ್ಕೂಟರ್‌ಗಳ ಸೀಟು, ಅದರ ಕೆಳಗಿನ ಮೈ ಎರಡೂ ಅಗಲ.

ಇನ್ನೊಂದು ವಿಷಯ. ಈ ಎತ್ತರವನ್ನು ಸಾಮಾನ್ಯವಾಗಿ ಯಾರೂ ಕೂರದೆ ಅಳೆದಿರುತ್ತಾರೆ. ನೀವು ಕೂತಾಗ ಶಾಕ್, ಅಂದರೆ ಕುಲುಕು ತಡೆಯುವ ಸ್ಪ್ರಿಂಗ್ ಕಂಬ, ಸ್ವಲ್ಪ ಕುಗ್ಗಿ ಸೀಟು ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಅನ್ನುವುದು ಸ್ಪ್ರಿಂಗ್ ಮೇಲೆ, ನಿಮ್ಮ ತೂಕದ ಮೇಲೆ ನಿಂತಿದೆ. ಕುಳ್ಳಗಿರುವವರು ಎಷ್ಟೋ ಸಲ ಹಗುರವೂ ಆಗಿರುತ್ತಾರೆ. ಸ್ಪ್ರಿಂಗ್ ಭಾರದವರಿಗೆ ಹೊಂದಿಸಿದ್ದಾದರೆ ಇವರ ಅಡಿಯಲ್ಲಿ ಅದು ಸರಿಯಾಗಿ ಕುಗ್ಗುವುದೇ ಇಲ್ಲ. ಇದು ಕುಳ್ಳರಿಗೆ ಬೀಳುವ ಎರಡನೇ ಪೆಟ್ಟು.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ನಿಮ್ಮ ಕಾಲನ್ನು ಅಳೆದುಕೊಳ್ಳಿ. ಒಟ್ಟು ಎತ್ತರವಲ್ಲ, ಕಾಲಿನ ಒಳ ಅಳತೆ. ಬೈಕ್ ಓಡಿಸುವಾಗ ಹಾಕುವ ಶೂ ಹಾಕಿ, ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಒಂದು ಗಟ್ಟಿ ಪುಸ್ತಕವನ್ನು ಕಾಲುಗಳ ನಡುವೆ ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಟೇಪ್ ಹಿಡಿಯಿರಿ. ಸೀಟಿನ ಎತ್ತರದ ಪಕ್ಕದಲ್ಲಿಟ್ಟು ನೋಡಬೇಕಾದದ್ದು ಈ ಅಳತೆಯನ್ನು. ಒಂದೇ ಎತ್ತರದ ಇಬ್ಬರಲ್ಲಿ ಈ ಅಳತೆ ಬೇರೆ ಬೇರೆ ಬರುತ್ತದೆ. ಅದಕ್ಕೇ "ನನ್ನಷ್ಟೇ ಎತ್ತರದ ಸ್ನೇಹಿತ ಓಡಿಸುತ್ತಾನೆ" ಅನ್ನುವ ಲೆಕ್ಕವನ್ನು ನಂಬುವಂತಿಲ್ಲ.

ಅಂಗಡಿಯಲ್ಲಿ ಬರೀ ಕೂತು ಇಳಿಯಬೇಡಿ. ಸೈಡ್ ಸ್ಟ್ಯಾಂಡಿನಿಂದ ಬೈಕನ್ನು ನೀವೇ ನೇರ ಮಾಡಿ. ಪಕ್ಕದಲ್ಲಿ ನಿಂತು ಹಿಂದಕ್ಕೆ ತಳ್ಳಿ ನೋಡಿ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ದೂರ ಹೋದ ಕೈ ಆಗಲೂ ಹಿಡಿ ಬಿಡದೆ ತಲುಪುತ್ತದಾ ಅಂತ ಪರೀಕ್ಷಿಸಿ. ಕಾಲು ಮುಂದೆ ಚಾಚಿ ಕೂರುವ ಕ್ರೂಸರ್ ಬೈಕುಗಳಲ್ಲಿ ಇಂಥದ್ದೇ ತೊಂದರೆ. ಸೀಟು ತಗ್ಗು, ಎಲ್ಲ ಸರಿ. ಆದರೆ ಕಾಲಿಡುವ ಜಾಗ ತುಂಬಾ ಮುಂದೆ ಇದ್ದರೆ ಗಿಡ್ಡ ಕಾಲು ಗೇರಿಗೂ ಬ್ರೇಕಿಗೂ ಎಳೆದಾಡಬೇಕಾಗುತ್ತದೆ. ಅದರ ಮೇಲೆ ಬೈಕಿನ ಭಾರ ಬೇರೆ. ನನ್ನನ್ನು ಕೇಳಿದರೆ, ತಗ್ಗಾದ ಭಾರದ ಬೈಕಿಗಿಂತ ಸ್ವಲ್ಪ ಎತ್ತರದ ಹಗುರ ಬೈಕ್ ವಾಸಿ.

ಈಗ ನಿಲ್ಲುವ ವಿಷಯಕ್ಕೆ ಬರೋಣ. ಬೈಕ್ ಬೀಳುವುದು ಹೆಚ್ಚಾಗಿ ನಿಲ್ಲುವಾಗಿನ ಕೊನೆಯ ಒಂದು ಮೀಟರಿನಲ್ಲಿ. ಎರಡೂ ಕಾಲು ಒಟ್ಟಿಗೆ ಇಳಿಸಲು ಹೋದರೆ ಎರಡೂ ಕಡೆ ತುದಿಬೆರಳೇ ಗತಿ. ಅದರ ಬದಲು ವೇಗ ಇಳಿಯುತ್ತಾ ಬಂದಂತೆ ಸೊಂಟವನ್ನು ಸೀಟಿನ ಎಡ ಅಂಚಿಗೆ ಜರುಗಿಸಿ. ಬಲಗಾಲು ಹಿಂದಿನ ಬ್ರೇಕಿನ ಮೇಲೆಯೇ ಇರಲಿ. ಎಡಗಾಲು ಇಳಿಸಿ. ಅರ್ಧ ಕುಂಡೆ ಸೀಟಿನಾಚೆ ಬಂದರೆ ಅದೇ ಕಾಲು ಎಷ್ಟು ಕೆಳಗೆ ಇಳಿಯುತ್ತದೆ ಅಂತ ನೀವೇ ನೋಡಿ. ಹ್ಯಾಂಡಲ್ ನೇರ ಇರಲಿ, ತಿರುಗಿಸಿಕೊಂಡು ನಿಲ್ಲಿಸಿದರೆ ಬೈಕ್ ಆ ಕಡೆಗೇ ವಾಲುತ್ತದೆ. ಮುಂದಿನ ಬ್ರೇಕನ್ನು ಕೊನೇ ಕ್ಷಣದಲ್ಲಿ ಜೋರಾಗಿ ಹಿಡಿಯಬಾರದು, ಮೂತಿ ಕುಸಿದು ಜೋಲಿ ತಪ್ಪುತ್ತದೆ.

ನೆಲವನ್ನು ಓದುವುದನ್ನೂ ಕಲಿಯಬೇಕು. ರಸ್ತೆ ಸಾಮಾನ್ಯವಾಗಿ ನಡುವೆ ಉಬ್ಬಿ ಅಂಚಿಗೆ ಇಳಿದಿರುತ್ತದೆ. ಅಂಚಿನ ಕಡೆಯ ಕಾಲಿಗೆ ನೆಲ ಆಳವಾಗಿ ಸಿಗುತ್ತದೆ. ಎತ್ತರದವರಿಗೆ ಅದು ಗೊತ್ತೇ ಆಗುವುದಿಲ್ಲ, ಕುಳ್ಳರಿಗೆ ಎರಡು ಬೆರಳಿನಷ್ಟು ತಗ್ಗೂ ಗೊತ್ತಾಗುತ್ತದೆ. ಗುಂಡಿ, ಮರಳು, ಜಲ್ಲಿ ಕಂಡರೆ ಒಂದು ಮಾರು ಮೊದಲೇ ನಿಲ್ಲಿಸಿ. ಫುಟ್‌ಪಾತಿನ ಅಂಚು ಪಕ್ಕದಲ್ಲೇ ಇದ್ದರೆ ಅದರ ಮೇಲೆ ಕಾಲಿಡಿ, ನಾಚಿಕೆ ಏನಿಲ್ಲ. ಏರಿನಲ್ಲಿ ಹಿಂದಿನ ಬ್ರೇಕ್ ಹಿಡಿದೇ ಕ್ಲಚ್ ಬಿಡುತ್ತಾ ಹೊರಡುವುದನ್ನು ಖಾಲಿ ಜಾಗದಲ್ಲಿ ರೂಢಿ ಮಾಡಿಕೊಳ್ಳಿ. ಪಾರ್ಕಿಂಗ್ ವಿಷಯಕ್ಕೆ ಬಂದರೆ ಒಂದೇ ಮಾತು: ಇಳಿಜಾರಿಗೆ ಮೂತಿ ಮಾಡಿ ನಿಲ್ಲಿಸಬೇಡಿ. ತುದಿಗಾಲಲ್ಲಿ ಕೂತು ಬೈಕನ್ನು ಏರಿಗೆ ಹಿಂದಕ್ಕೆ ತಳ್ಳುವುದು ಆಗದ ಕೆಲಸ.

ಇಷ್ಟೆಲ್ಲ ರೂಢಿಯಾದ ಮೇಲೂ ಎಟುಕುತ್ತಿಲ್ಲ ಅಂದರೆ ಆಗ ಬೈಕಿಗೆ ಕೈ ಹಾಕೋಣ. ಮೊದಲು ಶೂ. ಅಟ್ಟೆ ಸ್ವಲ್ಪ ದಪ್ಪ ಇದ್ದರೆ ಖರ್ಚಿಲ್ಲದೆ ಎತ್ತರ ಸಿಗುತ್ತದೆ, ಆದರೆ ಗೇರ್ ಲಿವರಿನ ಕೆಳಗೆ ಶೂ ನುಗ್ಗುವಂತಿರಬೇಕು. ಆಮೇಲೆ ಸೀಟು. ಕಂಪನಿಯೇ ತಗ್ಗು ಸೀಟು ಮಾರುತ್ತಿದ್ದರೆ ಅದೇ ಒಳ್ಳೆಯದು. ಹಿಮಾಲಯನ್ 450ಕ್ಕೆ ಅಂಥ ಸೀಟು ಹಾಕಿದರೆ 825 ಇದ್ದದ್ದು 805ಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ಸೀಟ್ ಹೊಲಿಯುವವರ ಹತ್ತಿರ ಹೋಗಿ ಫೋಮ್ ಕಡಿಮೆ ಮಾಡಿಸಬಹುದು. ಅವರಿಗೆ ಸರಿಯಾಗಿ ಹೇಳಿ: "ಮುಂದಿನ ಎರಡು ಅಂಚು ಮೊದಲು ಕತ್ತರಿಸಿ, ಮೇಲಿನದ್ದು ಆಮೇಲೆ." ತೊಡೆಗೆ ತಾಗುವ ಅಂಚು ತೆಗೆದರೇ ಎಷ್ಟೋ ಸಲ ಕೆಲಸ ಮುಗಿಯುತ್ತದೆ. ಮೇಲಿನ ಫೋಮನ್ನು ಸಿಕ್ಕಾಪಟ್ಟೆ ತೆಗೆಸಿದರೆ ಕೆಳಗಿನ ತಟ್ಟೆಯೇ ಒತ್ತುತ್ತದೆ, ಮಂಡಿಯೂ ಜಾಸ್ತಿ ಮಡಚಿ ನೋಯುತ್ತದೆ. ಸ್ವಲ್ಪ ಕತ್ತರಿಸಿ, ಕೂತು ನೋಡಿ, ಮತ್ತೆ ಕತ್ತರಿಸಿ. ತೆಗೆದ ಫೋಮ್ ಮತ್ತೆ ಬೆಳೆಯುವುದಿಲ್ಲ.

ಹಿಂದಿನ ಶಾಕಿನ ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಬಿಗಿ, ಒಂದೆರಡು ಹಂತ ಕಡಿಮೆ ಮಾಡಿದರೂ ಬೈಕ್ ಸ್ವಲ್ಪ ಕೂರುತ್ತದೆ. ಹಗುರ ಸವಾರರಿಗೆ ಇದು ಬೇಕಾದದ್ದೇ. ಆಮೇಲೆ ಹೆಡ್‌ಲೈಟ್ ಮೇಲಕ್ಕೆ ಬೀಳುತ್ತಿದೆಯಾ ನೋಡಿ ಸರಿಮಾಡಿಸಿ.

ಕೊನೆಗೆ ಉಳಿಯುವುದು ಲೋವರಿಂಗ್ ಲಿಂಕ್. ಶಾಕಿಗೆ ಕೊಂಡಿ ಇರುವ ಬೈಕುಗಳಲ್ಲಿ ಆ ಕೊಂಡಿ ಬದಲಿಸಿ ಹಿಂಭಾಗ ತಗ್ಗಿಸುತ್ತಾರೆ. ಅದು ಸುಲಭ, ಅದಕ್ಕೇ ಅಪಾಯ. ಹಿಂದೆ ಮಾತ್ರ ತಗ್ಗಿಸಿದರೆ ಬೈಕ್ ಮೂತಿ ಎತ್ತಿಕೊಂಡು ನಿಲ್ಲುತ್ತದೆ, ತಿರುವಿನಲ್ಲಿ ಹ್ಯಾಂಡಲ್ ಮಂದವಾಗುತ್ತದೆ. ಮುಂದಿನ ಚಕ್ರ ಹಿಡಿದಿರುವ ಎರಡು ಕೊಳವೆಗಳನ್ನೂ (ಫೋರ್ಕ್) ಅವುಗಳ ಹಿಡಿಕೆಯಲ್ಲಿ ಮೇಲಕ್ಕೆ ಸರಿಸಿ ಮುಂಭಾಗವನ್ನೂ ಸರಿಸುಮಾರು ಅಷ್ಟೇ ಇಳಿಸಬೇಕು. ಆಮೇಲೆ ಹಂಪ್ ಮೇಲೆ ಹೊಟ್ಟೆ ಉಜ್ಜುತ್ತದೆ. ದೊಡ್ಡ ಗುಂಡಿಗೆ ಇಳಿದಾಗ ಟಯರ್ ಮಡ್‌ಗಾರ್ಡಿಗೆ ತಾಗಬಹುದು. ಚೈನಿನ ಸಡಿಲವನ್ನು ಮತ್ತೆ ನೋಡಬೇಕು. ಎಲ್ಲರೂ ಮರೆಯುವುದು ಸೈಡ್ ಸ್ಟ್ಯಾಂಡನ್ನು. ಬೈಕ್ ತಗ್ಗಾಯಿತು, ಸ್ಟ್ಯಾಂಡ್ ಹಾಗೇ ಉದ್ದ ಉಳಿಯಿತು. ಈಗ ಬೈಕ್ ಸ್ಟ್ಯಾಂಡಿನ ಮೇಲೆ ವಾಲುವ ಬದಲು ನೆಟ್ಟಗೆ ನಿಲ್ಲುತ್ತದೆ. ಗಾಳಿ ಬೀಸಿದರೂ ಸಾಕು, ಬಲಕ್ಕೆ ಮಗುಚುತ್ತದೆ. ಸ್ಟ್ಯಾಂಡನ್ನೂ ಅಷ್ಟೇ ಗಿಡ್ಡ ಮಾಡಿಸಲೇಬೇಕು. ಇದಕ್ಕೆಲ್ಲ ಒಳ್ಳೆ ಮೆಕ್ಯಾನಿಕ್ ಬೇಕು, ವಾರಂಟಿ ಏನಾಗುತ್ತದೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಕಂಪನಿಗಳಿಗೂ ಈಗ ಈ ಕಷ್ಟ ಅರ್ಥವಾಗುತ್ತಿದೆ. 2021ರಲ್ಲಿ ಬಂದ ಹಾರ್ಲೆ-ಡೇವಿಡ್ಸನ್ ಪ್ಯಾನ್ ಅಮೆರಿಕಾದಲ್ಲಿ, ಬೈಕ್ ನಿಲ್ಲುವ ಹೊತ್ತಿಗೆ ತಾನೇ ತಗ್ಗಿ, ಹೊರಟ ಮೇಲೆ ತಾನೇ ಏಳುವ ವ್ಯವಸ್ಥೆಯನ್ನು ಕೊಟ್ಟರು. ಕಾಲಿಗೆ ನೆಲ ಬೇಕಾಗುವುದು ನಿಲ್ಲುವಾಗ ಮಾತ್ರ ಅನ್ನುವುದನ್ನು ಯಂತ್ರಕ್ಕೂ ಕಲಿಸಿದ್ದಾರೆ.

ಕೈಯ ವಿಷಯ ಚಿಕ್ಕದು, ಆದರೂ ಹೇಳಬೇಕು. ಚಿಕ್ಕ ಕೈಯವರಿಗೆ ಕ್ಲಚ್, ಬ್ರೇಕ್ ಲಿವರ್ ದೂರವಾಗುತ್ತದೆ. ಅಂತರ ಹೊಂದಿಸಬಹುದಾದ ಲಿವರ್ ಸಿಗುತ್ತದೆ, ಹಾಕಿಸಿಕೊಳ್ಳಿ. ಬೆರಳು ಎಳೆದೂ ಎಳೆದೂ ದಣಿದರೆ ನಿಲ್ಲಿಸುವಾಗ ಕ್ಲಚ್ ತಪ್ಪುತ್ತದೆ.

ಹಿಂದೆ ಯಾರನ್ನಾದರೂ ಕೂರಿಸಿಕೊಳ್ಳುವಾಗ, ನೀವು ಕಾಲು ಊರಿ ಬ್ರೇಕ್ ಹಿಡಿದು "ಹೂಂ, ಹತ್ತಿ" ಅನ್ನುವವರೆಗೆ ಅವರು ಬೈಕ್ ಮುಟ್ಟಬಾರದು. ಇಳಿಯುವಾಗಲೂ ಅಷ್ಟೇ, ಕೇಳಿಯೇ ಇಳಿಯಲಿ. ಅವರು ಕೂತ ಮೇಲೆ ಶಾಕ್ ಇನ್ನಷ್ಟು ಕುಗ್ಗಿ ನಿಮ್ಮ ಕಾಲಿಗೆ ನೆಲ ಹತ್ತಿರವೇ ಆಗುತ್ತದೆ. ಹತ್ತುವ, ಇಳಿಯುವ ಆ ಗಳಿಗೆಯೊಂದು ಸರಿಯಾಗಿ ಕಳೆಯಬೇಕು, ಅಷ್ಟೇ.

ನಮಸ್ಕಾರ.