ಗದ್ದೆಗೂ ಒಂದು ಕೋಟೆ

ಕೇಳುಗರೆಲ್ಲರಿಗೂ ನಮಸ್ಕಾರ. ಶಾಲಾ ಪ್ರವಾಸದ ದಿನಗಳು ಹತ್ತಿರ ಬಂದಿವೆ. ಮಕ್ಕಳನ್ನು ಹಂಪಿಗೆ ಕರೆದೊಯ್ಯುವ ಶಿಕ್ಷಕರೊಡನೆ, ಸಮಾಜ ವಿಜ್ಞಾನ ಕಲಿಸುವ ನಾನು ಎರಡು ಮಾತು ಹಂಚಿಕೊಳ್ಳಬೇಕು.

ಹಂಪಿಯಲ್ಲಿ ನಾವು ತೋರಿಸುವುದೇನು? ವಿರೂಪಾಕ್ಷ ದೇವಾಲಯ, ಉಗ್ರನರಸಿಂಹ, ಕಮಲ ಮಹಲು, ಕಲ್ಲಿನ ರಥ, ಅದರ ಮುಂದೊಂದು ಗುಂಪು ಫೋಟೊ. ಇವೆಲ್ಲ ನೋಡಲೇಬೇಕಾದವು. ಆದರೆ ಇವುಗಳ ನಡುವೆ ಬಸ್ಸು ಓಡುವಾಗ ಕಿಟಕಿಯಾಚೆ ಸರಿದುಹೋಗುವ ಬಾಳೆತೋಟ, ಭತ್ತದ ಗದ್ದೆಗಳ ಬಗ್ಗೆ ಒಂದು ಮಾತನ್ನೂ ಹೇಳುವುದಿಲ್ಲ. ಎಷ್ಟೋ ವರ್ಷ ನಾನೂ ಹೇಳಲಿಲ್ಲ.

ಕಳೆದ ವರ್ಷ ಬಿಸಿಲೇರುವ ಮುನ್ನ ಮಾತಂಗ ಬೆಟ್ಟ ಹತ್ತಿದೆವು. ಸುತ್ತಲೂ ಗ್ರಾನೈಟ್ ಬಂಡೆಗಳ ರಾಶಿ. ಯಾರೋ ತಂದು ಪೇರಿಸಿದಂತೆ ಕಂಡರೂ ಅವು ಅಲ್ಲಿಯವೇ. ಬಿರುಕಿನ ಗುಂಟ ಬಿಸಿಲು, ಮಳೆಗೆ ಸವೆದು ಸವೆದು ಉಂಡೆಯಾದವು. ಅವುಗಳ ನಡುವೆ ದಟ್ಟ ಹಸಿರು. "ಇಲ್ಲಿ ಮಳೆ ಕಡಿಮೆ ಎಂದಿರಲ್ಲ ಸರ್, ಈ ಗದ್ದೆಗೆ ನೀರು ಎಲ್ಲಿಂದ?" ಎಂದಳು ಎಂಟನೆಯ ತರಗತಿಯ ಹುಡುಗಿ.

ಉತ್ತರ ಹೇಳದೆ ಅವರನ್ನು ತುರ್ತಾ ಕಾಲುವೆಯ ದಡಕ್ಕೆ ಕರೆದೊಯ್ದೆ. ಅರಸರ ಕಾಲದಲ್ಲಿ ತುಂಗಭದ್ರೆಗೆ ಒಡ್ಡು ಕಟ್ಟಿ, ಬಂಡೆಗಳ ನಡುವೆ ದಾರಿ ಮಾಡಿ ತಂದ ನೀರು ಅದು. ಬಾಳೆಗೆ ನೀರು ಹಾಯಿಸುತ್ತಿದ್ದ ಹಿರಿಯರೊಬ್ಬರನ್ನು ಹುಡುಗಿ ಕೇಳಿದಳು: "ಅಜ್ಜಾ, ಈ ಕಾಲುವೆ ಎಷ್ಟು ಹಳೆಯದು?" ಅವರು ಸಲಿಕೆ ಊರಿ ನಿಂತು, "ರಾಯರ ಕಾಲದ್ದು ತಾಯಿ" ಎಂದರು. ಆಮೇಲೆ ಮಡಿಯ ಬಾಯಿಗೆ ಮಣ್ಣೆಳೆದು ನೀರನ್ನು ಪಕ್ಕದ ಸಾಲಿಗೆ ತಿರುಗಿಸಿದರು. ಮಕ್ಕಳು ಕಣ್ಣು ಕೀಳದೆ ನೋಡಿದರು.

ಅಲ್ಲೇ ಕುಳಿತು ಅವರಿಗೆ ಅಬ್ದುಲ್ ರಜಾಕನ ಕತೆ ಹೇಳಿದೆ. 1443ರಲ್ಲಿ ವಿಜಯನಗರಕ್ಕೆ ಬಂದ ಈ ಪರ್ಷಿಯಾದ ರಾಯಭಾರಿ ಏಳು ಸುತ್ತಿನ ಕೋಟೆಯನ್ನು ವರ್ಣಿಸಿದ್ದಾನೆ. ಹೊರಗಿನ ಸುತ್ತುಗಳ ನಡುವೆ ಅವನು ಕಂಡದ್ದು ಹೊಲ, ತೋಟ, ಮನೆಗಳು. ಗದ್ದೆಗೇಕೆ ಕೋಟೆ ಎಂದು ಮಕ್ಕಳನ್ನೇ ಕೇಳಿದೆ. "ವೈರಿ ಮುತ್ತಿಗೆ ಹಾಕಿದರೂ ಒಳಗಿನವರು ಉಪವಾಸ ಬೀಳಬಾರದಲ್ಲ!" ಎಂದ, ತರಗತಿಯಲ್ಲಿ ಬಾಯಿಯನ್ನೇ ಬಿಡದ ಒಬ್ಬ ಹುಡುಗ. ಅವನ ಮನೆಯವರು ಬೇಸಾಯಗಾರರು. ಇತಿಹಾಸಕಾರರು ಕೊಡುವ ಕಾರಣವೂ ಅದೇ. ಆ ಕ್ಷಣ ನನಗಾದ ಸಂತೋಷವನ್ನು ಹೇಗೆ ಹೇಳಲಿ!

1565ರ ಯುದ್ಧದ ಬಳಿಕ ನಗರ ಹಾಳಾಯಿತು. ಅರಮನೆಗಳಲ್ಲಿ ಉಳಿದದ್ದು ಹೆಚ್ಚಾಗಿ ಕಲ್ಲಿನ ಅಡಿಪಾಯ. ಕಾಲುವೆಯಲ್ಲಿ ನೀರು ಇಂದಿಗೂ ಹರಿಯುತ್ತಿದೆ, ಅದರಿಂದ ಬೆಳೆದ ಬಾಳೆ ಸಂತೆಗೆ ಹೋಗುತ್ತಿದೆ.

ಈ ಡಿಸೆಂಬರಿನಲ್ಲಿ ಮತ್ತೆ ಹೊರಟಿದ್ದೇವೆ. ಮೊದಲು ಕಮಲಾಪುರದ ವಸ್ತುಸಂಗ್ರಹಾಲಯ. ಅಲ್ಲಿ ಇಡೀ ಹಂಪಿಯ ದೊಡ್ಡ ಮಾದರಿಯಿದೆ, ನದಿ, ಬೆಟ್ಟ, ಊರು ಒಂದೇ ನೋಟಕ್ಕೆ ಸಿಗುತ್ತವೆ. ಅಲ್ಲಿಂದ ನೇರ ಕಾಲುವೆಗೆ. ನೋಡುವ ಜಾಗ ಎರಡು ಕಡಿಮೆಯಾದರೂ ಚಿಂತೆಯಿಲ್ಲ, ಗದ್ದೆಯ ಬದುವಿನ ಮೇಲೆ ಒಂದು ಗಂಟೆ ಕೂರಲು ಸಮಯವಿಟ್ಟಿದ್ದೇನೆ. ಆ ಹಿರಿಯರಿಗೆ ಬರುತ್ತೇವೆಂದು ಹೇಳಿ ಕಳುಹಿಸಿದ್ದೂ ಆಗಿದೆ.

ನಮಸ್ಕಾರ.