ಸೂಜಿ ಚುಚ್ಚಿದ ಮೇಲೆ ಕಾಯಬೇಕಾದ ತಿಂಗಳುಗಳು

ಪರದೆಯ ಮೇಲೆ ಕಾಣುತ್ತಿರುವ ಈ ಪುಟ್ಟ ಗಾಜಿನ ಬಾಟಲಿಯ ತಳದಲ್ಲಿರುವುದು ಬಿಳಿ ಪುಡಿ. ಹೆಸರು ಪಾಲಿ-ಎಲ್-ಲ್ಯಾಕ್ಟಿಕ್ ಆಮ್ಲ. ಮಡಗಾಂವಿನ ಚರ್ಮವೈದ್ಯೆಯೊಬ್ಬರು ಅದಕ್ಕೆ ಸೂಕ್ಷ್ಮಾಣುಗಳಿಲ್ಲದ ಸ್ಟೆರೈಲ್ ನೀರು ಸೇರಿಸಿ ಅಲುಗಾಡಿಸುತ್ತಿದ್ದಾರೆ. ನೋಡಿ, ನೀರು ಬೆಳ್ಳಗಾಗಿ ಮೇಲೆ ನೊರೆ ಕಟ್ಟಿತು. ಗುಳಿಬಿದ್ದ ಕೆನ್ನೆ ತುಂಬಿಸಲು, ಮುಖದ ಗೆರೆ ಇಳಿಸಲು ಚುಚ್ಚುವ ಇದನ್ನು ಜನ ಕೊಲಾಜನ್ ಇಂಜೆಕ್ಷನ್ ಎನ್ನುತ್ತಾರೆ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಪ್ರೋಟೀನೇ ಕೊಲಾಜನ್. ಆದರೆ ಬಾಟಲಿಯಲ್ಲಿ ಕೊಲಾಜನ್ ಒಂದು ಹನಿಯೂ ಇಲ್ಲ. ಅದು ಹುಟ್ಟಬೇಕಾದುದು ನನ್ನ ಕೆನ್ನೆಯೊಳಗೆ, ನನ್ನದೇ ಜೀವಕೋಶಗಳಿಂದ. ಹಾಗಾಗಿ ಇದು ನಿಧಾನದ ಚಿಕಿತ್ಸೆ. ಇಷ್ಟನ್ನು ಯಾರೂ ಹೇಳದೆ ದುಡ್ಡು ತೆಗೆದುಕೊಂಡಿದ್ದರಿಂದ ನೊಂದವರನ್ನು ನಾನು ಬಲ್ಲೆ. ಅವರಿಗಾಗಿಯೇ ಈ ವೀಡಿಯೊ.

ಈಗ ಕಾರವಾರಕ್ಕೆ ಬಂದಿದ್ದೇವೆ. ಇದು ಬೈತಖೋಲ ಬಂದರು, ದೋಣಿಯಿಂದ ಮೀನು ಇಳಿಯುವ ಹೊತ್ತು. ಕಡಲ ದಂಡೆಯಲ್ಲಿ ದುಡಿಯುವವರಿಗೆ ಬಿಸಿಲು ಮೇಲಿನಿಂದಷ್ಟೇ ಬೀಳುವುದಿಲ್ಲ. ಒಣ ಮರಳು ಅತಿನೇರಳೆ ಕಿರಣಗಳಲ್ಲಿ ಸುಮಾರು ಶೇ 15ರಷ್ಟನ್ನು, ಅಲೆಯ ನೊರೆ ಸುಮಾರು ಶೇ 25ರಷ್ಟನ್ನು ತಿರುಗಿ ಮುಖಕ್ಕೇ ಎಸೆಯುತ್ತವೆ. ಆ ಕಿರಣಗಳು ಚರ್ಮದೊಳಗೆ ಕೊಲಾಜನ್ ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತವೆ. ಹೆಂಚಿನ ಮಾಡಿಗೆ ಪಕಾಸಿ, ರೀಪು ಹೇಗೋ ಚರ್ಮಕ್ಕೆ ಕೊಲಾಜನ್ ಹಾಗೆ. ರೀಪು ಸೊರಗಿದರೆ ಹೊರಗಿನ ಹೆಂಚು ಎಷ್ಟೇ ಚೆನ್ನಾಗಿದ್ದರೂ ಮಾಡು ಬಾಗುತ್ತದೆ. ಇಪ್ಪತ್ತು ದಾಟಿದ ಮೇಲೆ ವರ್ಷಕ್ಕೆ ಸುಮಾರು ಶೇ 1ರಷ್ಟು ಕೊಲಾಜನ್ ಕಡಿಮೆಯಾಗುತ್ತ ಹೋಗುತ್ತದೆ. ಮುಟ್ಟು ನಿಂತ ಮೊದಲ 5 ವರ್ಷಗಳಲ್ಲಂತೂ ಹೆಂಗಸರ ಚರ್ಮ ಸುಮಾರು ಶೇ 30ರಷ್ಟನ್ನು ಕಳೆದುಕೊಳ್ಳುತ್ತದೆ. ಈ ಸಂಗತಿಯನ್ನು ನಮ್ಮ ಕಡೆ ಯಾವ ತಾಯಿಯೂ ಮಗಳಿಗೆ ಹೇಳಿದ್ದನ್ನು ನಾನು ಕೇಳಿಲ್ಲ.

‘ಮುಖಕ್ಕೆ ಸೂಜಿ ಚುಚ್ಚಿಸಿಕೊಳ್ಳುವುದು ಯಾಕೆ ತಂಗಿ?’ ಎಂದು ಅತ್ತೆ ಕೇಳಿದಾಗ ನಾನು ಈ ಔಷಧ ಎಲ್ಲಿಂದ ಬಂತು ಎನ್ನುವುದನ್ನು ಹೇಳಿದೆ. ಅಮೆರಿಕದಲ್ಲಿ ಔಷಧಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆಯಾದ ಎಫ್‌ಡಿಎ 2004ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟದ್ದು ಎಚ್‌ಐವಿ ಇದ್ದವರ ಗುಳಿಬಿದ್ದ ಕೆನ್ನೆ ತುಂಬಿಸಲು. ಮಾತ್ರೆ ಜೀವ ಉಳಿಸಿದರೂ ಮುಖ ನೋಡಿದವರು ಕಾಯಿಲೆಯನ್ನು ಗುರುತಿಸಿಬಿಡುತ್ತಿದ್ದರು. ಕೆನ್ನೆ ತುಂಬಿದಾಗ ಅವರು ಮತ್ತೆ ಸಂತೆಗೆ, ಮದುವೆಮನೆಗೆ ಅಂಜದೆ ಹೋಗುವಂತಾಯಿತು. ಮುಖದ ಗೆರೆಗಳಿಗೆ ಬಳಸಲು ಒಪ್ಪಿಗೆ ಸಿಕ್ಕಿದ್ದು ಆಮೇಲೆ, 2009ರಲ್ಲಿ. ಇಷ್ಟು ತಿಳಿದ ಮೇಲೆ ಈ ಚಿಕಿತ್ಸೆಯನ್ನು ಬರೀ ಶೋಕಿ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಅತ್ತೆ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: ‘ಚುಚ್ಚುವವರು ಕಲಿತವರೇ?’

ಅದಕ್ಕೆ ಉತ್ತರಿಸುವ ಮೊದಲು ಒಳಗೆ ಏನಾಗುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ. ಪುಡಿಯ ಕಣಗಳು ಚರ್ಮದಡಿ ಕುಳಿತಾಗ ದೇಹದ ಕಾವಲು ಕೋಶಗಳು ಅವನ್ನು ಸುತ್ತುವರಿಯುತ್ತವೆ. ಗಾಯ ಮಾಯಿಸುವಾಗ ನಡೆಯುವ ಕೆಲಸವೇ ಅಲ್ಲಿ ಶುರುವಾಗಿ, ಫೈಬ್ರೋಬ್ಲಾಸ್ಟ್ ಎಂಬ ಕೋಶಗಳು ಹೊಸ ಕೊಲಾಜನ್ ಎಳೆಗಳನ್ನು ನೇಯುತ್ತವೆ. ಶಸ್ತ್ರಚಿಕಿತ್ಸೆಯಲ್ಲಿ ತಾನಾಗಿ ಕರಗುವ ಹೊಲಿಗೆ ಹಾಕುತ್ತಾರಲ್ಲ, ಕಣಗಳು ಅದೇ ಬಳಗದವು. ತಿಂಗಳುಗಟ್ಟಲೆ ಕರಗಿ ಕೊನೆಗೆ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತವೆ. ಎಳೆಗಳು ಉಳಿಯುತ್ತವೆ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಚುಚ್ಚಿಸಿಕೊಂಡ ದಿನ ಕೆನ್ನೆ ತುಂಬಿ ಕಾಣುತ್ತದೆ. ಅದು ಬೆರೆಸಿದ ನೀರಿನ ಉಬ್ಬು, ಕೆಲವು ದಿನಗಳಲ್ಲಿ ಇಳಿದುಹೋಗುತ್ತದೆ. ಕನ್ನಡಿಯಲ್ಲಿ ಹಳೆಯ ಮುಖವೇ ಕಂಡಾಗ ‘ಮೋಸ ಹೋದೆ’ ಎಂದು ಅಳುವವರಿದ್ದಾರೆ. ನಿಜವಾದ ಬದಲಾವಣೆ ಕಾಣಲು ಎರಡು ಮೂರು ತಿಂಗಳು ಬೇಕು. ಸಾಮಾನ್ಯವಾಗಿ 4ರಿಂದ 6 ವಾರಗಳ ಅಂತರದಲ್ಲಿ ಎರಡು ಮೂರು ಸಲ ಚುಚ್ಚಿಸಿಕೊಳ್ಳಬೇಕು. ಫಲ ಎರಡು ವರ್ಷದವರೆಗೂ ನಿಲ್ಲಬಹುದು. ಮನೆಗೆ ಬಂದ ಮೇಲೆ ದಿನಕ್ಕೆ 5 ಸಲ, ಸಲಕ್ಕೆ 5 ನಿಮಿಷ, 5 ದಿನ ಕೆನ್ನೆ ತಿಕ್ಕಲು ನನಗೆ ಹೇಳಿದ್ದರು. ಕಣಗಳು ಒಂದೆಡೆ ಗುಂಪುಗೂಡಿ ಗಂಟಾಗದಿರಲಿ ಎಂದು. ಒಲೆಯ ಮೇಲೆ ಅನ್ನ ಬೇಯುವಾಗ, ಬೆರಳ ತುದಿಗೆ ಕ್ರೀಮು ಹಚ್ಚಿಕೊಂಡು ಮೂಗಿನ ಬದಿಯಿಂದ ಕಿವಿಯ ಕಡೆಗೆ ಸುತ್ತುತ್ತ ತಿಕ್ಕುತ್ತಿದ್ದೆ, ಇದೋ ಹೀಗೆ.

ಕೊಲಾಜನ್ ಹುಟ್ಟಿಸುವ ಇಂಜೆಕ್ಷನ್‌ಗಳಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್ ಎಂಬುದು ಇನ್ನೊಂದು ಬಗೆ, ಮೂಳೆ ಹಲ್ಲುಗಳಲ್ಲಿರುವ ಖನಿಜವೇ. ಅದು ಎಕ್ಸ್‌ರೇಯಲ್ಲಿ ಕಾಣಬಹುದು, ಆದ್ದರಿಂದ ಹಲ್ಲಿನ ವೈದ್ಯರಿಗೆ ಮೊದಲೇ ತಿಳಿಸಿಡಿ.

ಈಗ ಅತ್ತೆಯ ಪ್ರಶ್ನೆ: ಚುಚ್ಚುವವರು ಕಲಿತವರೇ? ತುಟಿಗೆ ತುಂಬುವ ಹೈಲುರಾನಿಕ್ ಆಮ್ಲದ ಫಿಲ್ಲರ್ ತಪ್ಪಿದರೆ ಅದನ್ನು ಕರಗಿಸುವ ಕಿಣ್ವವಿದೆ. ಪಾಲಿ-ಎಲ್-ಲ್ಯಾಕ್ಟಿಕ್ ಆಮ್ಲ, ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್ ಎರಡಕ್ಕೂ ಅಂಥ ಕಿಣ್ವ ಇಲ್ಲ. ಅಪರೂಪಕ್ಕೆ ಔಷಧ ರಕ್ತನಾಳಕ್ಕೆ ನುಗ್ಗಿದರೆ ಚರ್ಮ ಸಾಯಬಹುದು, ಕಣ್ಣೂ ಹೋಗಬಹುದು. ಚರ್ಮ ಬಿಳಿಚಿದರೆ, ಬಲೆಯಂಥ ನೀಲಿ ಗುರುತು ಮೂಡಿದರೆ, ತಡೆಯಲಾರದ ನೋವಾದರೆ, ದೃಷ್ಟಿ ಮಸುಕಾದರೆ ಬೆಳಗಾಗುವವರೆಗೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಆದ್ದರಿಂದ ಬ್ಯೂಟಿ ಪಾರ್ಲರಿನಲ್ಲಿ, ಮದುವೆ ಸೀಸನ್ನಿನ ರಿಯಾಯಿತಿಗೆ ಮರುಳಾಗಿ ಮುಖ ಒಡ್ಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಚರ್ಮರೋಗದ ಸ್ನಾತಕೋತ್ತರ ಪದವಿ ಇದೆಯೇ, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಏನು, ಬಾಟಲಿಯ ಸೀಲನ್ನು ನಿಮ್ಮೆದುರೇ ತೆರೆಯುತ್ತಾರೆಯೇ ಎಂದು ನಾಚಿಕೊಳ್ಳದೆ ಕೇಳಿ. ಬಸುರಿಯರು, ಹಾಲೂಡಿಸುವ ತಾಯಂದಿರು, ಗಾಯ ಮಾಯ್ದ ಜಾಗ ಉಬ್ಬಿ ಬೆಳೆಯುವ ಕೀಲಾಯ್ಡ್ ಇರುವವರು ಇದರಿಂದ ದೂರವಿರಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಮುಚ್ಚಿಡಬಾರದು.

ಇಷ್ಟು ಖರ್ಚು ಮಾಡಲಾಗದವರು ಬೇಸರಪಡಬೇಕಿಲ್ಲ. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹಚ್ಚಿ, ತಲೆಗೆ ಅಗಲ ಅಂಚಿನ ಟೊಪ್ಪಿ ಇಡಿ. ಇರುವ ಕೊಲಾಜನ್ ಹೆಚ್ಚು ಕಾಲ ಬಾಳುತ್ತದೆ. ಸೂಜಿ ಹಾಕಿಸಿಕೊಂಡವರಿಗೂ ಇದು ತಪ್ಪದು. ಮುಂದಿನ ವೀಡಿಯೊದಲ್ಲಿ ಎರಡನೆಯ ಸರದಿಗೆ ಮುಂಚಿನ ಮತ್ತು ನಂತರದ ಫೋಟೊಗಳನ್ನು ಫಿಲ್ಟರ್ ಇಲ್ಲದೆ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ವೈದ್ಯೆಯನ್ನು ಕೇಳಬೇಕಾದ ಪ್ರಶ್ನೆಗಳಿದ್ದರೆ ಅಷ್ಟರೊಳಗೆ ಬರೆದು ಕಳುಹಿಸಿ.