ರೈಲಿನ ಹಿಂದೆ ಒಂದು ಸೈಕಲ್

ಕೇಳುಗರಿಗೆ ನಮಸ್ಕಾರ. ಭಾನುವಾರ ಕತ್ತಲಿರುವಾಗಲೇ ಹೆಬ್ಬಾಳ ದಾಟಿ ನಂದಿ ಬೆಟ್ಟಕ್ಕೆ ಸೈಕಲ್ ತುಳಿಯುವ ಹುಡುಗ ಹುಡುಗಿಯರೇ, ಈ ಮಾತು ನಿಮಗೆ.

ಸಿಕ್ಕಾಗೆಲ್ಲ ನೀವು ಕೇಳುವುದು ಒಂದೇ: "ಸಾರ್, ಸ್ಪೀಡ್ ಜಾಸ್ತಿ ಆಗೋಕೆ ಯಾವ ಸೈಕಲ್ ತಗೊಳ್ಳಲಿ?" ಸೈಕಲ್ ಬಿಡಿ, ಗಾಳಿಯ ವಿಷಯ ಕೇಳಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ದಾಟಿದರೆ ನಿಮ್ಮ ಶಕ್ತಿಯ ದೊಡ್ಡ ಪಾಲು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. ವೇಗ ಎರಡರಷ್ಟಾಗಬೇಕಾದರೆ ಗಾಳಿಗೆ ಸುರಿಯುವ ಶಕ್ತಿ ಎಂಟರಷ್ಟು ಬೇಕು. ಎರಡಲ್ಲ, ಎಂಟು!

ಅಮೆರಿಕದ ಚಾರ್ಲ್ಸ್ ಮರ್ಫಿಗೆ ಇದು ಗೊತ್ತಿತ್ತು. ಮುಂದೆ ಗಾಳಿ ತಡೆಯುವವರಿದ್ದರೆ ರೈಲಿನ ಸಮಕ್ಕೂ ತುಳಿಯುತ್ತೇನೆ ಅಂದ. ಜನ ನಕ್ಕರು. ಕೊನೆಗೆ ಲಾಂಗ್ ಐಲೆಂಡ್ ರೈಲ್ವೆಯವರು ಒಪ್ಪಿದರು. ಎರಡು ಹಳಿಗಳ ನಡುವೆ ಮೈಲಿಗಟ್ಟಲೆ ಹಲಗೆ ಹಾಸಿದರು. ಬೋಗಿಯ ಹಿಂಬದಿಗೆ ಗೂಡಿನಂಥ ಮರೆ ಕಟ್ಟಿದರು. 1899ರ ಜೂನ್ 30. ರೈಲು ಹೊರಟಿತು, ಮರೆಯೊಳಗೆ ಮರ್ಫಿ. ದೂಳು ಮುಖಕ್ಕೆ ರಾಚುತ್ತಿದೆ, ಕಾಲ ಕೆಳಗೆ ಹಲಗೆ ಅದುರುತ್ತಿದೆ. ನಡುವೆ ಸ್ವಲ್ಪ ಹಿಂದೆ ಬಿದ್ದ. ಮರೆ ತಪ್ಪಿದರೆ ಗಾಳಿ ಗೋಡೆಯ ಹಾಗೆ ಬಡಿಯುತ್ತದೆ! ಹಲ್ಲು ಕಚ್ಚಿ ತುಳಿದು ಮತ್ತೆ ಒಳಗೆ ಸೇರಿಕೊಂಡ. ಒಂದು ಮೈಲಿ, 57.8 ಸೆಕೆಂಡ್. ಮೈಲಿ ಮುಗಿದ ಮೇಲೆ ಬೋಗಿಯಲ್ಲಿದ್ದವರು ಅವನನ್ನು ಬಾಚಿ ಹಿಡಿದು, ಸೈಕಲ್ ಸಮೇತ ಮೇಲೆ ಎಳೆದುಕೊಂಡರು. ಈ ಕಥೆ ಎಷ್ಟು ಸಲ ಹೇಳಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಅಯ್ಯೋ, ಸಮಯ ಓಡುತ್ತಿದೆ. ಉಳಿದದ್ದು ಬೇಗ ಹೇಳಿಬಿಡುತ್ತೇನೆ. 1995ರಲ್ಲಿ ನೆದರ್‌ಲೆಂಡ್ಸ್‌ನ ಫ್ರೆಡ್ ರೊಂಪೆಲ್‌ಬರ್ಗ್ ಮರೆ ಕಟ್ಟಿದ ಕಾರಿನ ಹಿಂದೆ ತುಳಿದು ಗಂಟೆಗೆ 268 ಕಿಲೋಮೀಟರ್ ದಾಟಿದರು, ಐವತ್ತು ತುಂಬಲು ಕೆಲವೇ ದಿನ ಇರುವಾಗ. 2018ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಬಾನವಿಲ್ ಉಪ್ಪಿನ ಬಯಲಿನಲ್ಲಿ ಡೆನಿಸ್ ಮುಲ್ಲರ್ ಕೊರೆನೆಕ್ ಅನ್ನುವ ಹೆಣ್ಣುಮಗಳು ಹಾಗೆಯೇ ಕಾರಿನ ಹಿಂದೆ 296 ಮುಟ್ಟಿದರು. ಗೇರ್ ಅಷ್ಟು ಭಾರ, ನಿಂತಲ್ಲಿಂದ ತುಳಿಯಲು ಆಗುವುದೇ ಇಲ್ಲ. ಮೊದಲು ಕಾರೇ ಎಳೆದುಕೊಂಡು ಹೋಗಬೇಕು, ಆಮೇಲೆ ಬಿಡಿಸಿಕೊಂಡು ತಾವೇ ತುಳಿಯಬೇಕು. ಕಾರು ಓಡಿಸಿದ್ದು ಶೇ ಹೋಲ್‌ಬ್ರುಕ್, ಅವರೂ ಹೆಣ್ಣುಮಗಳೇ. ವೇಗ ತುಸು ಹೆಚ್ಚಿಸಿದರೆ ಹಿಂದಿನವರು ಗಾಳಿಗೆ ಸಿಗುತ್ತಾರೆ, ತುಸು ಇಳಿಸಿದರೆ ಬಂದು ಕಾರಿಗೇ ತಾಗುತ್ತಾರೆ. ದಾಖಲೆಯ ಅರ್ಧ ಆ ಡ್ರೈವರಮ್ಮನದು ಅಂತಲೇ ನಾನು ಹೇಳುವುದು. ಗಾಳಿ ತಡೆದವರು ಅವರು ತಾನೆ?

ಇದನ್ನು ಕೇಳಿ ನಾಳೆ ಬಳ್ಳಾರಿ ರಸ್ತೆಯಲ್ಲಿ ಲಾರಿ ಹಿಂದೆ ಹೋಗಬೇಡಿ, ದಯವಿಟ್ಟು. ಇಪ್ಪತ್ತರ ವಯಸ್ಸಿನಲ್ಲಿ ತುಮಕೂರು ರಸ್ತೆಯಲ್ಲಿ ನಾನು ಹೋಗಿದ್ದೆ. ಹಿಂದೆ ಒಬ್ಬ ಇದ್ದಾನೆ ಅಂತ ಆ ಡ್ರೈವರ್‌ಗೆ ಗೊತ್ತೇ ಇರಲಿಲ್ಲ. ಬ್ರೇಕ್ ಹಾಕಿದರು. ನನ್ನ ಎಡಗೈ ಮೊಣಕೈ ಇವತ್ತಿಗೂ ಪೂರ್ತಿ ಚಾಚುವುದಿಲ್ಲ.

ಗಾಳಿಯ ಮರೆ ಬೇಕಾದರೆ ಸ್ನೇಹಿತರ ಹಿಂದೆ ಹೋಗಿ. ಖಾಲಿ ರಸ್ತೆ, ನಾಲ್ಕೇ ಜನ, ಒಬ್ಬರ ಹಿಂದೆ ಒಬ್ಬರು, ಸರದಿಯಂತೆ ಮುಂದೆ. ಹಿಂದೆ ಸರಿದಾಗ ಕಿವಿಯಲ್ಲಿ ಬುಸುಗುಡುತ್ತಿದ್ದ ಗಾಳಿ ತಟ್ಟನೆ ತಗ್ಗುತ್ತದೆ, ಪೆಡಲ್ ಹಗುರಾಗುತ್ತದೆ. ಮುಂದಿನ ಭಾನುವಾರ ಗಮನ ಇಟ್ಟು ನೋಡಿ. ನಮಸ್ಕಾರ.